ಜೀವಕೋಶಗಳಿಗೆ ಉಣಬಡಿಸುವ ಅಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ರೈಲು ನಿಲ್ದಾಣದ ಪಕ್ಕದ ಮೇಲ್ಸೇತುವೆ ಹತ್ತುತ್ತಿದ್ದ ಅಕ್ಕ ಅರ್ಧಕ್ಕೇ ನಿಲ್ಲುತ್ತಾರೆ. ಕೆಳಗೆ ಪ್ಲಾಟ್‌ಫಾರಂ ತುಂಬ ಮಂಜು. ಮಂಜಿನ ಒಳಗಿಂದ ಒಂದು ಹೆಣ್ಣುದನಿ ತೇಲಿ ಬರುತ್ತದೆ: "ಪ್ರಯಾಣಿಕರ ಗಮನಕ್ಕೆ, ಬೆಳಗಿನ ಮೊದಲ ಗಾಡಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಎರಡನೇ ಪ್ಲಾಟ್‌ಫಾರಂಗೆ ಬರಲಿದೆ." ಅಷ್ಟನ್ನು ಕೇಳಿಸಿಕೊಂಡು ಅಕ್ಕ ಮುಂದೆ ನಡೆಯುತ್ತಾರೆ. ಅವರಿಗೆ ಯಾವ ಗಾಡಿಯನ್ನೂ ಹಿಡಿಯಬೇಕಾಗಿಲ್ಲ. ಆ ದನಿ ಅವರ ಒಡಹುಟ್ಟಿದ ತಂಗಿಯದು. "ಮನೇಲಿ ಅವಳು ಇಷ್ಟು ಗಟ್ಟಿಯಾಗಿ ಮಾತಾಡಲ್ಲ. ಅದಕ್ಕೇ ದಿನಾ ಇಲ್ಲಿ ನಿಂತು ಕೇಳ್ಕೊಂಡು ಹೋಗ್ತೀನಿ" ಎಂದು ಜೊತೆಗೆ ಬಂದ ಪತ್ರಿಕೆಯವರಿಗೆ ಹೇಳುತ್ತಾರೆ.

ಸೇತುವೆ ಇಳಿದರೆ ಆಸ್ಪತ್ರೆಯ ಹಿಂಗೋಡೆ. ಅದರ ಸಣ್ಣ ಗೇಟು ದಾಟಿ, ಬಟ್ಟೆ ಒಗೆಯುವ ಕೋಣೆಯ ಹಬೆಯೊಳಗೆ ನುಸುಳಿ, ಮೆಟ್ಟಿಲು ಹತ್ತಿದರೆ ಉದ್ದ ಓಣಿಯ ತುದಿಯಲ್ಲಿ ಒಂದು ಬಾಗಿಲು. ಅಲ್ಲಿ ಹೊರಗಿನ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿ ಮೆಟ್ಟಬೇಕು. ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಮೇಲೆ ಸ್ಪಿರಿಟ್ ಉಜ್ಜಿಕೊಂಡು ಅಕ್ಕ ಒಳಗೆ ಕಾಲಿಡುತ್ತಾರೆ. ಒಳಗೆ ಬಾಣಂತಿ ಕೋಣೆಯಷ್ಟು ಬೆಚ್ಚಗಿದೆ. ಗೋಡೆಗೆ ಒರಗಿಸಿ ನಿಲ್ಲಿಸಿದ ಕಾವುಪೆಟ್ಟಿಗೆ ತಗ್ಗಿದ ದನಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಅದರ ಒಳಗೆ ನಮ್ಮ ನಿಮ್ಮ ಮೈಯಲ್ಲಿರುವಷ್ಟೇ ಬಿಸಿ, ಅಂಗೈ ಅಗಲದ ಪಾರದರ್ಶಕ ತಟ್ಟೆಗಳ ಸಾಲು ಸಾಲು. ತಟ್ಟೆಗಳಲ್ಲಿ ಮನುಷ್ಯರ ಜೀವಕೋಶಗಳು. ಯಾರದೋ ತೊಡೆಯಿಂದ, ಯಾರದೋ ಹೊಟ್ಟೆಯಿಂದ ಬೇಳೆಯಷ್ಟು ಕೊಬ್ಬು ತೆಗೆದು ಬೆಳೆಸಿದವು. ಅವಕ್ಕೂ ಹಸಿವಾಗುತ್ತದೆ. ಅವುಗಳಿಗೆ ಊಟ ಹಾಕುವುದೇ ಅಕ್ಕನ ಕೆಲಸ.

ಊಟ ಅಂದರೆ ಗುಲಾಬಿ ಬಣ್ಣದ ನೀರು. ಲ್ಯಾಬಿನವರು ಅದಕ್ಕೆ ಮೀಡಿಯಾ ಅನ್ನುತ್ತಾರೆ. ಅಕ್ಕನ ಬಾಯಲ್ಲಿ ಅದು ಊಟವೇ. ಫ್ರಿಜ್ಜಿನಿಂದ ಬಾಟಲಿ ತೆಗೆದು, ಬೆಚ್ಚನೆಯ ನೀರಿನಲ್ಲಿ ಇಟ್ಟು, ಹೊರಗಿನಿಂದ ಮಣಿಕಟ್ಟಿಗೆ ಒತ್ತಿ ನೋಡುತ್ತಾರೆ, ಹಾಲುಬಾಟಲಿ ನೋಡುವ ತಾಯಂದಿರ ಹಾಗೆ. ಹಳೆಯದನ್ನು ಪಿಪೆಟ್ಟಿನಿಂದ ಮೆಲ್ಲಗೆ ಹೀರಿ ತೆಗೆದು, ಹೊಸದನ್ನು ತಟ್ಟೆಯ ಅಂಚಿನಿಂದ ಜಾರಿಬಿಡುತ್ತಾರೆ. ನಡುವಿಗೆ ಸುರಿದರೆ ಕೋಶಗಳು ಕಿತ್ತುಕೊಂಡು ಏಳುತ್ತವೆ. "ಮುಂಚೆ ಇದೇ ಆಸ್ಪತ್ರೇಲಿ ವಾರ್ಡಿಂದ ವಾರ್ಡಿಗೆ ಊಟದ ಗಾಡಿ ತಳ್ತಿದ್ದೆ. ಉಪ್ಪು ಕಮ್ಮಿ, ಖಾರ ಜಾಸ್ತಿ, ತಣ್ಣಗಿದೆ, ಬಿಸಿಯಿದೆ. ಒಬ್ಬೊಬ್ಬರದ್ದು ಒಂದೊಂದು ರಾಗ. ಇವು ಪಾಪ, ತುಟಿಪಿಟಿಕ್ ಅನ್ನಲ್ಲ" ಎಂದು ನಗುತ್ತಾರೆ.

ನಗುವುದು ದಿನದ ಮಾತು. ಇವತ್ತು ಅಕ್ಕ ನಗುತ್ತಿಲ್ಲ. ಇವತ್ತು ಬಾಟಲಿ ಇನ್ನೂ ಫ್ರಿಜ್ಜಿನಲ್ಲೇ ಇದೆ. ನಿನ್ನೆ ಸಂಜೆ ಮನೆಗೆ ಹೊರಡುವ ಮುಂಚೆ ಅವರೇ ತಮ್ಮ ಕೈಯಾರೆ ಒಂದು ಸಾಲು ತಟ್ಟೆಗಳ ಊಟ ತೆಗೆದು, ಬರೀ ಉಪ್ಪುನೀರು ಹಾಕಿ ಬಂದಿದ್ದಾರೆ. ಆ ತಟ್ಟೆಗಳು ರಾತ್ರಿಯಿಡೀ ಉಪವಾಸ ಇವೆ. ಅಕ್ಕ ಒಂದನ್ನು ಹೊರತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಬಗ್ಗುತ್ತಾರೆ. ಕೊರಳ ದಾರದಲ್ಲಿದ್ದ ಬೀಗದಕೈ ಕೋಟಿನಿಂದ ಹೊರಜಾರಿ ಸೂಕ್ಷ್ಮದರ್ಶಕಕ್ಕೆ ಟಣ್ ಎಂದು ಬಡಿಯುತ್ತದೆ. ಅದನ್ನು ಒಳಗೆ ತುರುಕಿಕೊಂಡು ಮತ್ತೆ ನೋಡುತ್ತಾರೆ. ಆ ಸಾಲಿನ ಕೆಲವು ತಟ್ಟೆಗಳಲ್ಲಿರುವುದು ಅವರ ತಂಗಿಯ ಜೀವಕೋಶಗಳು. ಯಾವುದರಲ್ಲಿ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಪ್ರತಿ ತಟ್ಟೆಯ ಗುರುತಿನ ಸಂಖ್ಯೆಯ ಮೇಲೂ ಬಣ್ಣದ ಬೊಟ್ಟು ಅಂಟಿಸಲಾಗಿದೆ, ಒಬ್ಬೊಬ್ಬರ ಕೋಶಗಳಿಗೆ ಒಂದೊಂದು ಬಣ್ಣ.

ಯಾಕೆ ಹೀಗೆ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಅದಕ್ಕೂ ಮುಂಚೆ ಕೊಬ್ಬಿನ ವಿಷಯ ಎರಡು ಮಾತು.

ಕೊಬ್ಬು ಅಂದರೆ ಸಾಕು, ನಾವೆಲ್ಲ ಮೂಗು ಮುರಿಯುವವರೇ. ಸೊಕ್ಕಿದವನನ್ನು ಕಂಡರೆ "ಅವನಿಗೆ ಕೊಬ್ಬು ಜಾಸ್ತಿ" ಅಂತ ಬಯ್ದು ಆ ಬಡಪಾಯಿ ಪದಾರ್ಥಕ್ಕೂ ಸೇರಿಸಿ ಮಂಗಳಾರತಿ ಎತ್ತುತ್ತೇವೆ. ಅಕ್ಕನ ಸೂಕ್ಷ್ಮದರ್ಶಕಕ್ಕೆ ಒಂದು ಸಲ ಕಣ್ಣಿಟ್ಟು ನೋಡಿ, ಆಮೇಲೆ ಬಯ್ಯಿರಿ. ಒಂದೊಂದು ಕೋಶದ ಹೊಟ್ಟೆಯಲ್ಲೂ ದುಂಡುದುಂಡಗೆ ಹೊಳೆಯುವ ಹನಿಗಳು. ಕೆಳಗಿನ ದೀಪದ ಬೆಳಕು ಹಾದುಬಂದಾಗ ಆ ಹನಿಗಳ ಅಂಚು ಬಂಗಾರವಾಗುತ್ತದೆ. ಹೊಟ್ಟೆ ತುಂಬಿದ ದಿನ ಉಳಿದದ್ದನ್ನೆಲ್ಲ ದೇಹ ಅಲ್ಲಿ ಎತ್ತಿಟ್ಟಿರುತ್ತದೆ, ಇಲ್ಲದ ದಿನಕ್ಕೆ. ಎತ್ತಿಟ್ಟರೆ ಸಾಕೇ? ಕಾಯುವವರು ಬೇಡವೇ? ಇದ್ದಾರೆ. ಪ್ರತಿ ಹನಿಯ ಮೈಸುತ್ತ ತೆಳ್ಳಗೆ ಒಂದು ಪ್ರೋಟೀನು ಕವಿದುಕೊಂಡಿರುತ್ತದೆ. ಹೆಸರು ಪೆರಿಲಿಪಿನ್. ಕೊಬ್ಬು ಕರಗಿಸುವವರು ಸುಮ್ಮಸುಮ್ಮನೆ ಒಳಗೆ ಕೈಹಾಕದ ಹಾಗೆ ಅದು ಅಡ್ಡ ಕೂತಿರುತ್ತದೆ. ದೇಹಕ್ಕೆ ನಿಜಕ್ಕೂ ಬೇಕಾದಾಗ, ರಕ್ತದಲ್ಲಿ ಕರೆ ಬಂದಾಗ, ಬಾಗಿಲು ತೆಗೆದು ಬೇಕಾದಷ್ಟನ್ನು ಹೊರಗೆ ಬಿಡುತ್ತದೆ.

ಅಕ್ಕನ ನಾಲಿಗೆಗೆ ಆ ಹೆಸರು ಒಗ್ಗಲಿಲ್ಲ. "ಪೆರಿಲಿಪಿನ್ನೋ ಗಿರಿಲಿಪಿನ್ನೋ! ನಾನು ಅಜ್ಜಿ ಅಂತೀನಿ. ಬೀಗದಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಉಗ್ರಾಣದ ಬಾಗಿಲಲ್ಲಿ ಕೂತಿರೋ ಅಜ್ಜಿ. ಮಕ್ಕಳು ಕೇಳಿದ್ದಕ್ಕೆಲ್ಲ ಕೊಡಲ್ಲ. ಹಸಿದು ಬಂದ್ರೆ ಇಲ್ಲ ಅನ್ನಲ್ಲ." ಈಗ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು. ಮುಖ್ಯಸ್ಥೆ ಮೇಡಂ ಕೂಡ ಗಂಭೀರ ಸಭೆಯಲ್ಲಿ "ಅಜ್ಜಿ ಹೇಗಿದ್ದಾಳೆ ನೋಡೋಣ" ಅಂದು, ನಾಲಿಗೆ ಕಚ್ಚಿಕೊಂಡದ್ದುಂಟು.

ಇನ್ನು ತಂಗಿಯ ಕತೆ.

ಹುಟ್ಟಿದಾಗ ಅವಳು ಎಲ್ಲ ಮಕ್ಕಳ ಹಾಗೆ ಗುಂಡುಗುಂಡಗೇ ಇದ್ದಳು. ಮೈನೆರೆಯುವ ವಯಸ್ಸಿಗೆ ಬಂದಾಗ ಕೈಕಾಲುಗಳ ಮೇಲಿನ ಮಾಂಸವೆಲ್ಲ ಯಾರೋ ಒರೆಸಿಕೊಂಡು ಹೋದ ಹಾಗೆ ಬಡವಾಯಿತು. ತೋಳಿನ ನರ ಹೊರಗೆ ಎದ್ದು ಕಂಡಿತು. ಶಾಲೆಯಲ್ಲಿ 'ಕಡ್ಡಿ' ಅಂದರು. ಸ್ವಲ್ಪ ದಿನಕ್ಕೆ ಹೊಟ್ಟೆ ಮುಂದೆ ಬಂತು, ಯಕೃತ್ತು ಊದಿಕೊಂಡಿತು. ರಕ್ತ ತೆಗೆದು ಟ್ಯೂಬಿನಲ್ಲಿ ನಿಲ್ಲಿಸಿದರೆ ಮೇಲೆ ಕೆನೆ ಕಟ್ಟುತ್ತಿತ್ತು, ಅಷ್ಟು ಕೊಬ್ಬು. ಆಮೇಲೆ ಸಕ್ಕರೆ ಕಾಯಿಲೆಯೂ ಬಂತು. ನೋಡಿದ ವೈದ್ಯರೆಲ್ಲ ಒಂದೇ ಮಾತು: ಬಾಯಿ ಕಟ್ಟಬೇಕು. ಕಟ್ಟಿದಳು. ಸಕ್ಕರೆ ಇಳಿಯಲಿಲ್ಲ. "ಕಟ್ಟಿದ್ರೆ ಇಳೀಲೇಬೇಕಲ್ಲಮ್ಮ, ಕದ್ದು ತಿಂತಿದ್ದೀಯಾ?" ಅಂದರು. ಇಲ್ಲ ಅಂದಳು. ಯಾರೂ ನಂಬಲಿಲ್ಲ.

ತಾಯಿ ತೀರಿಕೊಂಡ ಮೇಲೆ ಅವಳಿಗೆ ಅಕ್ಕನ ಮನೆಯೇ ತವರು. ಅಕ್ಕನ ಗಂಡ ದರ್ಜಿ. ನಾದಿನಿಯ ತೋಳು ಜನರ ಕಣ್ಣಿಗೆ ಬೀಳದಿರಲಿ ಅಂತ ಆತ ಅವಳ ಅಂಗಿಗಳಿಗೆಲ್ಲ ನೆರಿಗೆ ಹಿಡಿದ ಉದ್ದ ತೋಳು ಹೊಲಿದುಕೊಡುತ್ತಾನೆ, ಒಳಗಡೆ ತೆಳುವಾಗಿ ಹತ್ತಿ ಇಟ್ಟು. ಬೇಸಿಗೆಯಲ್ಲೂ ಅವಳು ಅದನ್ನೇ ತೊಡುತ್ತಾಳೆ. ನಿಲ್ದಾಣದ ಕೆಲಸ ಸಿಕ್ಕಿದಾಗ ಕುಣಿದಾಡಿದ್ದಳು. "ಭಾವ, ಅಲ್ಲಿ ಬರೀ ನನ್ನ ದನಿ ಕಾಣುತ್ತೆ, ನಾನು ಕಾಣಲ್ಲ" ಅಂದಿದ್ದಳು. ದನಿ ಎಲ್ಲಾದರೂ ಕಾಣುತ್ತದೆಯೇ ಎಂದು ಭಾವ ರೇಗಿಸಿದ. ಅವಳಿಗೆ ಅದೇನೂ ತಲೆಗೆ ಹೋಗಲಿಲ್ಲ, ಅಷ್ಟು ಖುಷಿ.

ಆದರೆ ಅವಳಿಗೆ ಸದಾ ಹಸಿವು. ಉಂಡು ಕೈತೊಳೆದರೂ ಹಸಿವು, ಮಲಗಿ ಎದ್ದರೂ ಹಸಿವು. ಒಂದು ದಿನ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ಓರೆಯಾಗಿತ್ತು. ಅದೇ ವಾರ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಗನಕ್ಕೇರಿತ್ತು. ಅಕ್ಕ ಹಿಂದೆಮುಂದೆ ನೋಡದೆ ಅಡುಗೆಮನೆಯ ಬೀರುವಿಗೆ ಬೀಗ ಜಡಿದರು. ಬೀಗದಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡರು.

"ಅವಳ ಒಳ್ಳೇದಕ್ಕೇ ಮಾಡಿದ್ದು" ಎಂದು ಶುರು ಮಾಡಿದ ಅಕ್ಕ ಮಾತು ಬದಲಿಸುತ್ತಾರೆ. "ಅವಳು ಅಳಲಿಲ್ಲ, ಜಗಳಾನೂ ಆಡಲಿಲ್ಲ. ಅವತ್ತಿಂದ ಊಟಕ್ಕೆ ಕೂತಾಗ ತಟ್ಟೆ ತಗೊಂಡು ಕಿಟಕಿ ಕಡೆ ತಿರುಗಿ ಕೂರೋಕೆ ಶುರು ಮಾಡಿದ್ಲು. ನಮಗೆ ಬೆನ್ನು ಹಾಕಿ. ನಾನು ಅವಳ ತುತ್ತು ಎಣಿಸ್ತೀನಿ ಅಂತ ಅವಳಿಗೆ ಗೊತ್ತಿತ್ತು. ಎಣಿಸ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ. ಮಾತಾಡುತ್ತಲೇ ಅವರ ಕೈ ಕೊರಳ ಹತ್ತಿರ ಹೋಗಿ ಬರುತ್ತದೆ.

ಬೆಳಕು ಈಗ ಕಿಟಕಿಯ ಅಡಿಯವರೆಗೆ ಬಂದಿದೆ. ಮೇಡಂ ಬರುವುದಕ್ಕೆ ಇನ್ನೂ ಹೊತ್ತಿದೆ. ಅಕ್ಕ ಉಳಿದ ತಟ್ಟೆಗಳಿಗೆ, ಪರೀಕ್ಷೆಯಲ್ಲಿಲ್ಲದವಕ್ಕೆ, ಊಟ ಕೊಡುತ್ತಾರೆ. ನಲವತ್ತರ ಹತ್ತಿರ ಇವೆ. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ನೀರು ಕಲಕಿದ್ದರೆ ಬೂಷ್ಟು ಬಂತು ಅಂತ ಲೆಕ್ಕ, ಇಡೀ ತಟ್ಟೆ ಕಸಕ್ಕೆ. ಇವತ್ತು ಎಲ್ಲವೂ ತಿಳಿಯಾಗಿವೆ. ಕೆಲಸದ ನಡುವೆ ಅವರು ಏನನ್ನೋ ಗುನುಗುತ್ತಿರುತ್ತಾರೆ. ಕಿವಿಗೊಟ್ಟರೆ ಗೊತ್ತಾಗುತ್ತದೆ, ಅದು ಹಾಡಲ್ಲ, ರೈಲು ನಿಲ್ದಾಣದ ಘೋಷಣೆ.

ಹೋದ ವರ್ಷ ಇದೇ ಆಸ್ಪತ್ರೆಯ ಹೊಸ ವೈದ್ಯೆಯೊಬ್ಬರು ತಂಗಿಯನ್ನು ನೋಡಿ, ತೋಳು ಮುಟ್ಟಿ, "ಇದು ತಿನ್ನೋದರ ವಿಷಯ ಅಲ್ಲ ಅನ್ನಿಸ್ತಿದೆ" ಅಂದರು. ಜೀನ್ ಪರೀಕ್ಷೆಗೆ ಕಳಿಸಿದರು. ಅಜ್ಜಿಯನ್ನು ತಯಾರಿಸುವ ಜೀನಿನಲ್ಲಿ ಒಂದು ವ್ಯತ್ಯಾಸ ಕಂಡಿತು. ಆದರೆ ಅದರಿಂದ ಅಜ್ಜಿಯ ಕೆಲಸ ಕೆಟ್ಟಿದೆಯೋ, ಅಥವಾ ಮೈಮೇಲಿನ ಮಚ್ಚೆಯ ಹಾಗೆ ಸುಮ್ಮನೆ ಇದೆಯೋ ಹೇಳುವವರಿಲ್ಲ. ತಿಳಿಯಬೇಕಾದರೆ ಒಂದೇ ದಾರಿ. ಅವಳ ಕೋಶಗಳನ್ನೇ ಬೆಳೆಸಿ, ಹೋಲಿಕೆಗೆ ಆರೋಗ್ಯವಂತರ ಕೋಶಗಳನ್ನೂ ಜೊತೆಗಿಟ್ಟು, ಉಪವಾಸ ಕೆಡವಿ, ಯಾರೂ ಕರೆಯದೆಯೂ ಕೊಬ್ಬು ಸೋರುತ್ತದೆಯೇ ನೋಡಬೇಕು. ಅಜ್ಜಿ ಸರಿಯಿದ್ದರೆ ಕರೆ ಬರುವವರೆಗೆ ಬಾಗಿಲು ಭದ್ರ. ಅಜ್ಜಿ ಕೆಟ್ಟಿದ್ದರೆ ಬಾಗಿಲು ಹಾರುಹೊಡೆದಿರುತ್ತದೆ. ಸೋರಿದ ಕೊಬ್ಬು ರಕ್ತಕ್ಕೆ, ಅಲ್ಲಿಂದ ಯಕೃತ್ತಿಗೆ. ಕೈಕಾಲು ಕಡ್ಡಿ, ರಕ್ತ ಕೆನೆ. ಸಾಬೀತಾದರೆ ಅದಕ್ಕೆ ಬೇರೆಯದೇ ಚಿಕಿತ್ಸೆಗೆ ಪ್ರಯತ್ನಿಸಬಹುದು. ಆಗದಿದ್ದರೆ ಮತ್ತೆ ಹಳೇ ಪಲ್ಲವಿ, ಬಾಯಿ ಕಟ್ಟು.

ತಂಗಿಯ ತೊಡೆಯಿಂದ ಬೇಳೆಯಷ್ಟು ತೆಗೆದರು. ಅವಳ ಮೈಯಲ್ಲಿ ಅಷ್ಟು ಸಿಕ್ಕಿದ್ದೇ ಹೆಚ್ಚು. ಲ್ಯಾಬಿಗೆ ಹೆಸರಿಲ್ಲದೆ ಬಂತು, ಬರೀ ಒಂದು ಸಂಖ್ಯೆ. ಆದರೆ ಆ ವಾರ ಲ್ಯಾಬಿಗೆ ಬಂದದ್ದು ಅದೊಂದೇ, ತಂಗಿ ಕುಂಟುತ್ತ ಮನೆಗೆ ಬಂದದ್ದೂ ಅದೇ ವಾರ. ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ವಾರಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದರು. ಕೋಶಗಳು ಹರಡಿದವು, ದುಂಡಗಾದವು, ಅವುಗಳೊಳಗೆ ಸಣ್ಣಸಣ್ಣ ಹನಿಗಳು ಮೂಡಿದವು. ಉಪವಾಸ ಹಾಕಬೇಕಾದ ಸಂಜೆ ಬಂತು.

"ಉಪ್ಪುನೀರಿನ ಬಾಟ್ಲಿ ಕೈಲಿತ್ತು. ಬಗ್ಗಿದೆ. ಇದೇ ಬೀಗದಕೈ ಟಣ್ ಅಂತು" ಎನ್ನುತ್ತಾರೆ ಅಕ್ಕ. "ಕೈ ನಿಂತೇಹೋಯ್ತು. ಮನೇಲೂ ನಾನೇ ಬೀಗ ಹಾಕಿದ್ದೀನಿ, ಇಲ್ಲೂ ನಾನೇ ಉಪವಾಸ ಕೆಡವ್ಲಾ? ಬೇಳೆಯಷ್ಟು ಇದಾಳೆ ಇಲ್ಲಿ ನನ್ನ ತಂಗಿ. ಇಷ್ಟಕ್ಕೂ ಊಟ ಇಲ್ಲ ಅನ್ಲಾ? ಬೇರೆಯವರ ತಟ್ಟೆಗಳಿಗೆಲ್ಲ ಉಪ್ಪುನೀರು ಹಾಕಿದೆ. ಅವಳ ತಟ್ಟೆಗೆ ಊಟ ಹಾಕಿಬಿಟ್ಟೆ."

ಅಯ್ಯೋ ಅಕ್ಕ! ವಾರ್ಡಿನಲ್ಲಿ ಆಪರೇಷನ್‌ಗೆ ಮುಂಚೆ ಹಸಿದಿರಬೇಕಾದ ರೋಗಿಗೆ ಕದ್ದು ಒಂದು ತುತ್ತು ತಿನ್ನಿಸುವ ಬಂಧುಗಳನ್ನು ಬಯ್ದು ಬಯ್ದು ಗಂಟಲು ಹರಿದುಕೊಂಡವರು ಇದೇ ಅಕ್ಕ. ತಮ್ಮ ಸರದಿ ಬಂದಾಗ ಅದನ್ನೇ ಮಾಡಿದರು. ಆದದ್ದೇನು? ಆ ಗುಲಾಬಿ ಊಟದಲ್ಲಿ ಇನ್ಸುಲಿನ್ ಇರುತ್ತದೆ. ಅದು ಕೊಬ್ಬು ಕರಗಿಸುವ ಕೆಲಸವನ್ನೇ ತಟ್ಟಿ ಮಲಗಿಸಿಬಿಡುತ್ತದೆ. ಬಾಗಿಲು ತೆರೆದಿದ್ದರೂ ಒಳಗೆ ಕದಲುವವರು ಇಲ್ಲ. ಮರುದಿನ ಅಳೆದಾಗ ತಂಗಿಯ ಕೋಶಗಳಿಂದ ಏನೂ ಸೋರಿರಲಿಲ್ಲ. "ಇದರಲ್ಲಿ ತೊಂದರೆ ಕಾಣ್ತಿಲ್ಲ" ಅಂದರು ಮೇಡಂ. ಅಂದರೆ ಅಜ್ಜಿ ನೆಟ್ಟಗಿದ್ದಾಳೆ. ಅಂದರೆ ತಂಗಿ ಸುಳ್ಳುಬುರುಕಿ.

ಅಕ್ಕ ಮನೆಗೆ ಹೋದರು. ತಂಗಿ ಕಿಟಕಿಗೆ ಮುಖಮಾಡಿ ಉಣ್ಣುತ್ತಿದ್ದಳು. ಆ ಬೆನ್ನು ನೋಡುತ್ತ ನಿಂತ ಅಕ್ಕನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಿರ ಸುಳಿಯಲಿಲ್ಲ. ಬೆಳಗ್ಗೆ ಮೇಡಂ ಬರುವುದನ್ನೇ ಕಾದು, ಚಪ್ಪಲಿ ಬಿಡುವ ಜಾಗದಲ್ಲೇ ಹಿಡಿದುಕೊಂಡರು. "ಮೇಡಂ, ನಾನು ಬಡಿಸಿಬಿಟ್ಟೆ." ಮೇಡಮ್ಮಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಂದು ಕಾಲಿಗೆ ಹೊರಗಿನ ಚಪ್ಪಲಿ, ಒಂದು ಕಾಲಿಗೆ ಒಳಗಿನ ಚಪ್ಪಲಿ ಹಾಕಿಕೊಂಡು ಹಾಗೇ ನಿಂತರು.

"ಕೆಲಸ ಹೋಯ್ತು ಅಂದ್ಕೊಂಡೆ. ಹೋಗ್ಲಿ, ಆದ್ರೆ ಅವಳ ಪರೀಕ್ಷೆ ಹಾಳಾಗೋಯ್ತಲ್ಲ ಅನ್ನೋದೇ ದೊಡ್ಡ ಸಂಕಟ" ಎನ್ನುತ್ತಾರೆ ಅಕ್ಕ. ಮೇಡಂ ಬಯ್ದರು, ಚೆನ್ನಾಗಿಯೇ ಬಯ್ದರು. ಬಯ್ದು ಮುಗಿಸಿ, "ಫ್ರೀಜರಿನಲ್ಲಿ ಅವಳ ಕೋಶ ಎಷ್ಟು ಉಳಿದಿದೆ?" ಎಂದು ಕೇಳಿದರು. ಉಳಿದಿದ್ದದ್ದು ಒಂದೇ ಟ್ಯೂಬು. ಅದು ಕೈಕೊಟ್ಟರೆ ತಂಗಿಯ ತೊಡೆಯಿಂದ ಇನ್ನೊಮ್ಮೆ ತೆಗೆಯಲು ಅಲ್ಲಿ ಏನೂ ಇಲ್ಲ. ಮೇಡಂ ಇನ್ನೊಂದು ಕಾಲಿಗೂ ಒಳಗಿನ ಚಪ್ಪಲಿ ಮೆಟ್ಟಿದರು. "ಈ ಸಲವೂ ನೀವೇ ಬೆಳೆಸಿ, ಅಕ್ಕ. ಆದ್ರೆ ಯಾವುದು ಯಾರದು ಅಂತ ನಿಮಗೆ ಗೊತ್ತಾಗೋ ಹಾಗಿಲ್ಲ. ಟ್ಯೂಬಿಂದ ತೆಗೆದು ತಟ್ಟೆಗೆ ಹಾಕೋದು ನಾನು, ಬೊಟ್ಟು ಅಂಟಿಸೋದು ನಾನು. ನೀವು ಎಲ್ಲರಿಗೂ ಒಂದೇ ಥರ ಬಡಿಸ್ಬೇಕು, ಎಲ್ಲರನ್ನೂ ಒಂದೇ ಥರ ಉಪವಾಸ ಹಾಕ್ಬೇಕು. ಆಗುತ್ತಾ?"

ಆಗುತ್ತದೆ ಅಂದರು ಅಕ್ಕ. ಆಗಿದೆ ಕೂಡ. ಕೆಂಪು, ಹಸಿರು, ನೀಲಿ, ಹಳದಿ ಬೊಟ್ಟುಗಳ ತಟ್ಟೆಗಳನ್ನು ಈ ಇಡೀ ಋತು ಒಂದೇ ಪಂಕ್ತಿಯಲ್ಲಿ ಕೂರಿಸಿ ಸಾಕಿದ್ದಾರೆ. ಯಾವುದು ತಂಗಿಯದೋ ಗೊತ್ತಿಲ್ಲದ್ದರಿಂದ ಎಲ್ಲವನ್ನೂ ತಂಗಿಯದೆಂದೇ ನೋಡಿಕೊಂಡಿದ್ದಾರೆ. ನಿನ್ನೆ ಸಂಜೆ ಉಪ್ಪುನೀರು ಹಾಕುವಾಗ ಎಲ್ಲವಕ್ಕೂ ಒಂದೇ ಮಾತು ಹೇಳಿದರಂತೆ: "ಒಂದು ರಾತ್ರಿ ತಡ್ಕೋ, ಪುಟ್ಟಿ."

ಕೆಲಸ ಮುಗಿದಿದೆ. ಅಕ್ಕ ಕಾವುಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಗೋಡೆಗೆ ತಲೆ ಕೊಡುತ್ತಾರೆ. ಬೆನ್ನಿಗೆ ಪೆಟ್ಟಿಗೆಯ ಬಿಸಿ, ಕಿವಿಗೆ ಅದರ ಗುಂಯ್. ರಾತ್ರಿ ಕಣ್ಣು ಮುಚ್ಚಿಲ್ಲ. ಕಿಟಕಿಯ ಮಂಜು ಸದ್ದಿಲ್ಲದೆ ಕೋಣೆಯ ಒಳಗೆ ಬಂದ ಹಾಗಾಗುತ್ತದೆ. ರೆಪ್ಪೆಗಳು ಕೂಡುತ್ತವೆ.

ಕಂಡದ್ದನ್ನು ಆಮೇಲೆ ಅವರೇ ಹೇಳಿದರು. ದೊಡ್ಡದೊಂದು ಕೋಣೆ, ಅದರ ನಡುವೆ ಮನೆಯಷ್ಟು ಎತ್ತರದ ಬಂಗಾರದ ಹನಿ. ಮುಟ್ಟಿದರೆ ಬೆಚ್ಚಗೆ ಅದುರುತ್ತದೆ. ಅದರ ಸುತ್ತ ಅಜ್ಜಿಯರು, ಹೆಗಲಿಗೆ ಹೆಗಲು ತಾಗಿಸಿ, ಸೊಂಟದಲ್ಲಿ ಬೀಗದಕೈ ಗೊಂಚಲು. ಅಕ್ಕ ಒಬ್ಬೊಬ್ಬರನ್ನೇ ದಾಟಿ ನಡೆದರು. ಎಲ್ಲರ ಮುಖವೂ ಪರಿಚಯದ್ದೇ. ನಡೆಯುತ್ತ ನಡೆಯುತ್ತ ಇನ್ನೊಂದು ಹನಿಯ ಹತ್ತಿರ ಬಂದರು. ಅದು ಕರಗಿ ಸಣ್ಣದಾಗಿತ್ತು. ನೆಲವೆಲ್ಲ ಬಂಗಾರದ ನೀರು, ಅಕ್ಕನ ಪಾದ ಮುಳುಗುವಷ್ಟು. ಬಾಗಿಲು ತೆರೆದೇ ಇತ್ತು. "ಏನಜ್ಜಿ, ಬಾಗಿಲು ಹಾಕೋಕಾಗಲ್ವಾ ನಿಂಗೆ? ಎಲ್ಲ ಸೋರ್ತಿದೆ!" ಎಂದು ಅಕ್ಕ ರೇಗಿದರು. ಅಜ್ಜಿ ಸೆರಗು ಸರಿಸಿ ತೋರಿಸಿದಳು. ಅವಳಿಗೆ ಕೈಗಳೇ ಇರಲಿಲ್ಲ. "ಹಾಕಬೇಕು ಅಂತಲೇ ಕೂತಿದ್ದೀನಿ ಮಗಳೇ. ಯಾವತ್ತೂ ಎದ್ದು ಹೋಗಿಲ್ಲ. ಕೈ ಕೊಟ್ಟಿಲ್ಲವಲ್ಲ ನನಗೆ" ಅಂದಳು. ಅದು ತಂಗಿಯ ದನಿ.

ಅಕ್ಕ ಬೆಚ್ಚಿ ಎದ್ದಾಗ ಕೋಣೆ ತುಂಬ ಬಿಸಿಲು. ಕೆನ್ನೆ ಒದ್ದೆಯಾಗಿದೆ. ಬಾಗಿಲಲ್ಲಿ ಮೇಡಂ ನಿಂತಿದ್ದಾರೆ.

ಮುಂದಿನದು ಮೇಡಂ ಕೆಲಸ. ಪ್ರತಿ ತಟ್ಟೆಯ ಉಪ್ಪುನೀರಿನಿಂದ ಒಂದಿಷ್ಟು ತೆಗೆದು, ಸಣ್ಣ ಗುಳಿಗಳಿರುವ ಹಲಗೆಗೆ ಹಾಕುತ್ತಾರೆ. ಪ್ರತಿ ಬಣ್ಣಕ್ಕೂ ಒಂದು ಸಾಲು ಗುಳಿ. ಮೇಲೆ ಒಂದು ದ್ರಾವಣ ಬೆರೆಸುತ್ತಾರೆ. ಕೊಬ್ಬು ಕರಗಿ ಹೊರಬಿದ್ದಿದ್ದರೆ ಬಣ್ಣ ಏರುತ್ತದೆ. ಹೆಚ್ಚು ಬಿದ್ದಷ್ಟೂ ಗಾಢ. ಕಾಯಬೇಕು. ಅಕ್ಕ ಕೈಕಟ್ಟಿ ನಿಂತಿದ್ದಾರೆ. ಯಾವುದಾದರೂ ಒಂದು ಸಾಲು ಬಣ್ಣ ಏರಲಿ ಎಂದು ಅವರು ಬೇಡಿಕೊಳ್ಳುತ್ತಿದ್ದಾರೆ. ಸ್ವಂತ ತಂಗಿಯ ಮೈಯಲ್ಲಿ ಒಂದು ಊನ ಸಿಗಲಿ ಅಂತ ಯಾರಾದರೂ ಬೇಡಿಕೊಂಡದ್ದುಂಟೇ? ಅಕ್ಕ ಬೇಡಿಕೊಂಡರು.

ಕೆಂಪು ಬೊಟ್ಟಿನ ಸಾಲು ತೆಳುವಾಗಿ ಹಾಗೇ ಉಳಿಯುತ್ತದೆ. ಹಸಿರೂ ಅಷ್ಟೆ. ಹಳದಿಯೂ ಅಷ್ಟೆ. ನೀಲಿ ಬೊಟ್ಟಿನ ಸಾಲು ಮೊದಲು ನಸುಗೆಂಪಾಗಿ, ನೋಡನೋಡುತ್ತಿದ್ದಂತೆ ನೇರಳೆಗೆ ತಿರುಗುತ್ತದೆ. ಆ ಸಾಲಿನ ಒಂದೊಂದು ಗುಳಿಯೂ ನೇರಳೆ. ಮೇಡಂ ಯಂತ್ರದಲ್ಲಿಟ್ಟು ಅಳೆಯುತ್ತಾರೆ. ಇನ್ನೊಂದು ಸಲ ಹಾಕಿ, ಇನ್ನೊಂದು ಸಲ ಅಳೆಯುತ್ತಾರೆ. ಆಮೇಲೆ ನೀಲಿ ಬೊಟ್ಟಿನ ತಟ್ಟೆ ಕೈಗೆತ್ತಿಕೊಂಡು, ಉಗುರಿನಿಂದ ಬೊಟ್ಟು ಕೀಳುತ್ತಾರೆ. ಅಡಿಯಲ್ಲಿರುವ ಸಂಖ್ಯೆ ಅಕ್ಕನಿಗೆ ಬಾಯಿಪಾಠ.

"ಅಜ್ಜಿಗೆ ಕೈಯಿಲ್ಲ" ಎನ್ನುತ್ತಾರೆ ಅಕ್ಕ. ಮೇಡಮ್ಮಿಗೆ ಕನಸಿನ ವಿಷಯ ಗೊತ್ತಿಲ್ಲ. ಆದರೂ ತಲೆಯಾಡಿಸುತ್ತಾರೆ. "ಹೌದಕ್ಕ. ಅವಳು ಎಷ್ಟೇ ಬಾಯಿ ಕಟ್ಟಿದ್ರೂ ಇದು ಸೋರ್ತಾನೇ ಇತ್ತು. ಅವಳ ತಪ್ಪೇನಿಲ್ಲ."

ಚಿಕಿತ್ಸೆ ಸಿಗುವುದೋ, ಎಂದು ಸಿಗುವುದೋ, ಎಷ್ಟರಮಟ್ಟಿಗೆ ಕೈಹಿಡಿಯುವುದೋ, ಅದು ಇನ್ನು ವೈದ್ಯರ ಕೈಯಲ್ಲಿದೆ. ಊಟದ ಪಥ್ಯವಂತೂ ತಪ್ಪದು, ಸೋರುವ ಉಗ್ರಾಣಕ್ಕೆ ಮೂಟೆಗಟ್ಟಲೆ ತುಂಬುವಂತಿಲ್ಲ. ಆದರೆ ಅಕ್ಕ ಅದನ್ನೆಲ್ಲ ಕೇಳಿಸಿಕೊಂಡಂತೆ ಕಾಣುವುದಿಲ್ಲ. ಅವರು ನೀಲಿ ಬೊಟ್ಟಿನ ತಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಬಾಟಲಿ ಬೆಚ್ಚಗೆ ಮಾಡಿ, ಅಂಚಿನಿಂದ ಮೆಲ್ಲಗೆ ಊಟ ಇಳಿಸುತ್ತಿದ್ದಾರೆ. ಆಮೇಲೆ ಕೆಂಪಿಗೆ, ಹಸಿರಿಗೆ, ಹಳದಿಗೆ. ಪರೀಕ್ಷೆ ಮುಗಿದ ತಟ್ಟೆಗಳಿಗೆ ಊಟ ಹಾಕುವ ಪದ್ಧತಿ ಇಲ್ಲ, ಅವು ಕಸಕ್ಕೆ ಹೋಗತಕ್ಕವು. ಮೇಡಂ ನೋಡಿದರೂ ನೋಡದವರ ಹಾಗೆ ಆ ಕಡೆ ತಿರುಗುತ್ತಾರೆ.

ಸಂಜೆ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಹೊಲಿಗೆಯಂತ್ರ. ದರ್ಜಿ ಭಾವ ಯಂತ್ರ ನಿಲ್ಲಿಸಿ ಸುದ್ದಿ ಕೇಳಿದವನೇ, ಹೊಲಿಯುತ್ತಿದ್ದ ಉದ್ದ ತೋಳಿನಿಂದ ಹತ್ತಿ ಎಳೆದೆಳೆದು ಹೊರಗೆ ಹಾಕುತ್ತಾನೆ. ಯಾಕೆ ಅಂದರೆ ಅವನಿಗೂ ಗೊತ್ತಿಲ್ಲ. "ಸೆಖೆ, ಅದಕ್ಕೆ" ಎನ್ನುತ್ತಾನೆ, ಮೂಗೆಳೆದುಕೊಳ್ಳುತ್ತ. ತಂಗಿ ಹೊಸ್ತಿಲಲ್ಲಿ ನಿಂತೇ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದ್ದಕ್ಕೆ ಅವಳು ನಿಲ್ದಾಣದ ದನಿಯಲ್ಲಿ, ಮನೆಯಲ್ಲಿ ಯಾರೂ ಎಂದೂ ಕೇಳಿರದಷ್ಟು ಗಟ್ಟಿಯಾಗಿ ಹೇಳುತ್ತಾಳೆ: "ಬರೀರಿ. ಕದ್ದು ತಿಂದವಳಲ್ಲ ಅಂತ ದಪ್ಪಕ್ಷರದಲ್ಲಿ ಬರೀರಿ. ಸಕ್ಕರೆ ಡಬ್ಬಿ ಮುಚ್ಚಳ ಓರೆ ಮಾಡಿದ್ದು ಭಾವ. ನಂಗೆ ಅವತ್ತೇ ಗೊತ್ತಿತ್ತು." ಭಾವ ತಲೆ ಎತ್ತುವುದಿಲ್ಲ. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಬೇಕಾಗಿತ್ತಂತೆ, ಹೆಂಡತಿಗೆ ಹೆದರಿ ಕದ್ದಿದ್ದನಂತೆ. ಬೀಗ ಬಿದ್ದ ಮೇಲೆ ಹೇಳಲು ಬಾಯಿ ಬರಲಿಲ್ಲವಂತೆ.

"ಅಷ್ಟು ದಿನ ಸುಮ್ನಿದ್ಯಲ್ಲೇ! ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಅಕ್ಕ ಕೇಳುತ್ತಾರೆ.

"ಹೇಳಿದ್ರೆ ನಂಬ್ತಿದ್ಯಾ?" ಎನ್ನುತ್ತಾಳೆ ತಂಗಿ. ಅವಳ ದನಿಯಲ್ಲಿ ಸಿಟ್ಟಿಲ್ಲ.

ಅಕ್ಕ ಕೊರಳಿನ ದಾರ ತೆಗೆಯುತ್ತಾರೆ. ಗಂಟು ಕೂದಲಿಗೆ ಸಿಕ್ಕಿಕೊಂಡು ತಡವಾಗುತ್ತದೆ. ಬಿಡಿಸಿ, ಬೀಗದಕೈಯನ್ನು ತಂಗಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಿಸುತ್ತಾರೆ. "ತಪ್ಪಾಯ್ತು ಕಣೇ" ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ಅಕ್ಕ ಯಾರಿಗೂ ಆ ಮಾತು ಹೇಳಿದ್ದನ್ನು ಕೇಳಿಲ್ಲ ಎಂದು ಆಮೇಲೆ ಭಾವ ಪಿಸುಗುಟ್ಟಿದ.

ಊಟದ ಹೊತ್ತಾಗುತ್ತದೆ. ತಂಗಿ ತಟ್ಟೆ ಹಿಡಿದು ಕಿಟಕಿಯ ಕಡೆ ನಡೆಯುತ್ತಾಳೆ. ರೂಢಿ, ಕಾಲು ತಾನೇ ಹೋಗುತ್ತದೆ. ಬೆನ್ನು ಹಾಕಿ ಕೂರುತ್ತಾಳೆ. ಅಕ್ಕ ಒಂದು ಗಳಿಗೆ ನೋಡಿ, ತಮ್ಮ ಖಾಲಿ ತಟ್ಟೆ ಎತ್ತಿಕೊಂಡು, ಹೊಲಿಗೆಯಂತ್ರ ಬಳಸಿ, ಕಿಟಕಿಗೂ ತಂಗಿಗೂ ನಡುವಿನ ಅಂಗೈಯಗಲದ ಜಾಗಕ್ಕೆ ನುಗ್ಗಿ, ಗೋಡೆಗೆ ಒತ್ತಿಕೊಂಡು, ಅವಳಿಗೆ ಎದುರಾಗಿ ಕೂತುಬಿಡುತ್ತಾರೆ. ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಹೊರಗೆ ಎಲ್ಲೋ ಸಂಜೆಯ ಗಾಡಿ ಕೂಗುತ್ತದೆ.

ಇನ್ನೇನು ಆಸೆ ಉಳಿದಿದೆ ಅಕ್ಕ, ಎಂದು ಕೇಳಿದರೆ ಅವರು ಈ ಕಡೆ ನೋಡುವುದಿಲ್ಲ. ಬೆಳಗಿನಿಂದ ಊರಿಗೆಲ್ಲ ಬಡಿಸಿ ಬಂದ ಕೈಯಿಂದ ಖಾಲಿ ತಟ್ಟೆಯನ್ನು ತಂಗಿಯ ಮುಂದೆ ಚಾಚುತ್ತಾರೆ.

"ಬೀಗದಕೈ ನಿನ್ನ ಹತ್ರ ಇದೆಯಲ್ಲ. ಇವತ್ತು ನೀನು ಬಡಿಸು, ನಂಗೂ ಹಸಿವಾಗಿದೆ."